ಎಂಬತ್ತಕ್ಕೆ ಇಪ್ಪತ್ತು

ಶೆಟ್ಟರು ಕೇಳಿದ್ದು ಇಷ್ಟೇ:
ಐದು ಅಂಗಡಿ, ಒಂದೇ ಲೆಕ್ಕ.
ಗಿರಾಕಿ ನಂಬರು ಹೇಳಿದ ಕೂಡಲೇ ಪಾಯಿಂಟು ಕಾಣಬೇಕು,
ವರಮಹಾಲಕ್ಷ್ಮಿ ಹಬ್ಬದೊಳಗೆ ಶುರುವಾಗಬೇಕು,
ಮೂರು ಲಕ್ಷದ ಮೇಲೆ ಮೂರು ಕಾಸೂ ಇಲ್ಲ.

ಚಾಮರಾಜಪೇಟೆಯ ಆ ಕಾಫಿಪುಡಿ ಅಂಗಡಿಯಲ್ಲಿ
ಒಂದು ಬೆಳಗು ಪೂರ್ತಿ ನಿಂತೆ, ಗಡಿಯಾರ ನೋಡುತ್ತ.
ಮಿಷನ್ನಿಗೆ ಬೀಜ ಸುರಿದು, ಚಿಕೋರಿ ಬೆರೆಸಿ,
ಪೊಟ್ಟಣ ಮಡಚಿ, ದಾರ ಸುತ್ತಿ
ಹಲ್ಲಲ್ಲಿ ಕಡಿಯುವ ತನಕ
ಐವತ್ತು ಗ್ರಾಮಿಗೆ ನಲವತ್ತು ಸೆಕೆಂಡು.
ಕಡೀಬೇಡ್ವೋ ಅಂತ ಶೆಟ್ಟರು ದಿನಾ ಬೈಯುತ್ತಾರೆ,
ಮುನಿಚೌಡ ದಿನಾ ಕಡಿಯುತ್ತಾನೆ.
ನಮ್ಮ ಸರ್ವರು ಉತ್ತರ ಕೊಡಬೇಕಾದ್ದು
ಆ ದಾರ ತುಂಡಾಗುವ ಮೊದಲು.
ಅದಕ್ಕಿಂತ ವೇಗ ಯಾರಿಗೆ ಬೇಕು?
ಹಾಗಂತಲೇ ಬರೆದಿಟ್ಟೆ. ಇರ್ಷಾದ್ ನಕ್ಕ:
‘ಮೇಡಂ, ಕರಾರುಪತ್ರದಲ್ಲಿ ಹಲ್ಲು ಅಂತಲೇ ಹಾಕಲಾ?’

ಆಮೇಲೆ ರಾಜಾಜಿನಗರದ ಆಫೀಸು, ಬಿಳಿ ಹಲಗೆ,
ದುಡ್ಡು, ದಿನ, ವೇಗ.
ಒಂದನ್ನು ಎಳೆದರೆ ಇನ್ನೆರಡು ಕುಂಯ್ ಅನ್ನುತ್ತವೆ.
ಐದೂ ಅಂಗಡಿ ಕ್ಷಣಕ್ಷಣ ಮಾತಾಡಿಕೊಂಡರೆ ಬಾಡಿಗೆ ಎರಡರಷ್ಟು;
ಮಾತಾಡದೆ ಹೋದರೆ
ಮಲ್ಲೇಶ್ವರದಲ್ಲಿ ತೀರಿಹೋದ ಪಾಯಿಂಟು
ಜಯನಗರದಲ್ಲಿ ಇನ್ನೂ ಉಸಿರಾಡುತ್ತಿರುತ್ತದೆ.
ಕೊನೆಗೆ ಒಪ್ಪಿದೆವು: ಶಟರು ಎಳೆದ ಮೇಲೆ ರಾತ್ರಿ ಕೂಡೋಣ,
ಇವತ್ತಿನ ನಿಯತ್ತು ನಾಳೆ ಕಾಣಲಿ,
ಒಂದೆರಡು ಪಾಯಿಂಟು ಎರಡು ಸಲ ಖರ್ಚಾದರೆ ಆಗಲಿ.
ಶೆಟ್ಟರು ತಲೆದೂಗಿದರು. ‘ಎಂಬತ್ತಕ್ಕೆ ಇಪ್ಪತ್ತು ಚಿಕೋರಿ.
ಬರೀ ಬೀಜದ್ದೇ ಕುಡಿಯೋರು ಎಷ್ಟು ಜನ ಹೇಳಿ?
ಆದ್ರೆ ಇಪ್ಪತ್ತೈದಾದ್ರೆ ನಾಲಿಗೆ ಹಿಡಿಯುತ್ತೆ, ನೋಡ್ಕೊಳ್ಳಿ.’

ಹಬ್ಬ ಬಂತು. ಸಾಲು ರಸ್ತೆಗಿಳಿಯಿತು.
ಒಂದು ಬಿಲ್ಲಿಗೆ ಒಂದೂವರೆ ಸೆಕೆಂಡು.
ಇರ್ಷಾದ್ ಇಡೀ ಆಫೀಸಿಗೆ ಖಾರಾಬಾತು ಕೊಡಿಸಿದ.

ಒಂಬತ್ತನೇ ದಿನ ಕ್ಯಾಶಿನ ಫಿಲೋಮಿನಾ ಫೋನು:
‘ಸಾದಿಕ್ ಸಾಬರಿಗೆ ಯಾಕೆ ಸೊನ್ನೆ?’
ಯಾರು ಸಾದಿಕ್?
ಪಕ್ಕದ ಗಲ್ಲಿಯಲ್ಲಿ ಕಾಜ ಹೊಲಿಯುವವರು,
ದಿನಾ ಸಂಜೆ ಐವತ್ತು ಗ್ರಾಂ, ಇಪ್ಪತ್ತೆರಡು ವರ್ಷದಿಂದ.
ಐವತ್ತು ಗ್ರಾಮಿಗೆ ಮೂವತ್ತೆಂಟು ರೂಪಾಯಿ.
ನೂರಕ್ಕೊಂದು ಪಾಯಿಂಟು, ಉಳಿದ ಚಿಲ್ಲರೆ ಕೈಬಿಡು—
ಆ ಸಾಲು ಬರೆದವಳು ನಾನೇ, ಒಂದು ಬುಧವಾರ,
ಎರಡು ದಿನ ಉಳಿಯುತ್ತದಲ್ಲ ಅಂತ.
ಕಾರು ನಿಲ್ಲಿಸಿ ವರ್ಷಕ್ಕೊಮ್ಮೆ ಎರಡು ಕೇಜಿ ಒಯ್ದವರಿಗೆ ಹದಿನೈದು,
ದಿನಾ ಬಂದವರಿಗೆ ದಿನಾ ಸೊನ್ನೆ.

ಚಿಲ್ಲರೆ ಹಿಡಿದಿಡಲು ಒಂದು ಕಾಲಂ ಸಾಕು.
ಆ ಕಾಲಮ್ಮಿಗೆ ಎರಡು ದಿನ, ಪರೀಕ್ಷೆಗೆ ಮೂರು;
ಮೂರು ಲಕ್ಷವೋ, ಆಗಲೇ ಕರಗಿತ್ತು.
ಶೆಟ್ಟರಿಗೆ ಹೇಳಿದೆ. ಫೋನಿನ ಆ ತುದಿಯಲ್ಲಿ
ಮಿಷನ್ನಿನ ಸದ್ದು ಮಾತ್ರ, ಬಹಳ ಹೊತ್ತು.
‘ಹುಟ್ಟುಹಬ್ಬದ ಮೆಸೇಜು ಕಳಿಸೋದು ನಿಲ್ಲಿಸಿ,
ಆ ದುಡ್ಡಲ್ಲಿ ಮಾಡಿ.
ನಂಗೂ ಬ್ಯಾಂಕಿನೋರು ಕಳಿಸ್ತಾರೆ. ಯಾವತ್ತು ಓದಿದೀನಿ?’

ಸರಿಪಡಿಸಿದ ಮಾರನೆಯ ದಿನ ಅಂಗಡಿಗೆ ಹೋದೆ.
ಫಿಲೋಮಿನಾ ಗಲ್ಲಾದಡಿಯಿಂದ ಒಂದು ರಟ್ಟು ತೆಗೆದಳು.
ಪೆನ್ಸಿಲ್ಲಲ್ಲಿ ಮೂವತ್ತೆಂಟು, ಎಪ್ಪತ್ತಾರು, ನೂರ ಹದಿನಾಲ್ಕು...
ಒಂಬತ್ತು ದಿನಕ್ಕೆ ಮೂರು ಪಾಯಿಂಟು, ಬಾಕಿ ನಲವತ್ತೆರಡು.
ಯಾರೂ ಹೇಳಿರಲಿಲ್ಲ ಅವಳಿಗೆ.
ನಮ್ಮ ಪರದೆಯ ಲೆಕ್ಕ ತಾಳೆಯಾಯಿತೇ ಅಂತ
ನಾನು ಅವಳ ರಟ್ಟು ನೋಡಿದೆ,
ಅವಳು ಪರದೆ ನೋಡಲಿಲ್ಲ.

ಅಷ್ಟರಲ್ಲಿ ಅವರೇ ಬಂದರು, ಕೊರಳಲ್ಲಿ ಅಳತೆ ಟೇಪು.
ಪಾಯಿಂಟು ಬಂದಿದೆ, ಏನು ತಗೋತೀರಿ ಅಂದೆ.
‘ನಂಗೇನೂ ಬೇಡಮ್ಮ. ದಾರ ಮಾತ್ರ
ಇನ್ನೊಂದು ಸುತ್ತು ಬಿಗೀಲಿಕ್ಕೆ ಹೇಳಿ.
ಸೈಕಲ್ಲು ಪಾದರಾಯನಪುರ ಮುಟ್ಟೋದ್ರೊಳಗೆ
ಪೊಟ್ಟಣ ಬಿಚ್ಕೊಳ್ಳುತ್ತೆ.’

ಮುನಿಚೌಡ ಇನ್ನೊಂದು ಸುತ್ತು ಹಾಕಿದ, ಕಡಿದ.
ನಲವತ್ತೆರಡು ಸೆಕೆಂಡು.
ಕೇಳದೇ ಸಿಕ್ಕ ಆ ಎರಡನ್ನು
ಯಾವ ಕಾಲಮ್ಮಿಗೆ ಬರೆದುಕೊಳ್ಳಲಿ?